ಗರ್ಭಕಂಠದ ವೈರಾಣು: ಅಂಜಿಕೆ ಬೇಡ, ಪರೀಕ್ಷೆ ಬೇಕು

ಕೆಲವು ವರ್ಷಗಳ ಹಿಂದೆ ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಕಡೆಯಿಂದ ನಲವತ್ತು ದಾಟಿದ ತಾಯಿಯೊಬ್ಬರು ಬಿಳಿಸೆರಗೆಂದು ನಮ್ಮಲ್ಲಿಗೆ ಬಂದರು. ಶ್ವೇತಪ್ರದರವೆಂದು ಬಗೆದು ಲೋಧ್ರ, ಅಶೋಕಗಳ ಕಷಾಯವನ್ನು ಕೊಟ್ಟೆವು. ಮೂರು ತಿಂಗಳ ಬಳಿಕ, ದಾಂಪತ್ಯ ಸಂಪರ್ಕದ ನಂತರ ರಕ್ತ ಕಾಣುತ್ತಿದೆಯೆಂದು ಅವರು ಸಂಕೋಚದಿಂದ ನುಡಿದಾಗ ಎಚ್ಚೆತ್ತು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಳುಹಿಸಿದೆವು. ಗರ್ಭಕಂಠದ ಕ್ಯಾನ್ಸರ್, ಪುಣ್ಯವಶಾತ್ ಮೊದಲ ಹಂತ. ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳದಿದ್ದುದು ನಮ್ಮ ತಪ್ಪು.

ಚರಕ ಸಂಹಿತೆಯು ಇಪ್ಪತ್ತು ಯೋನಿವ್ಯಾಪತ್ತುಗಳನ್ನು ವಿವರಿಸುತ್ತದೆ. ಆದರೆ ಈ ಕ್ಯಾನ್ಸರಿನ ಮೂಲವಾದ ಹ್ಯೂಮನ್ ಪ್ಯಾಪಿಲೋಮ ವೈರಸ್, ಅಂದರೆ ಎಚ್‌ಪಿವಿ, ನಾಡಿಗೂ ಕಣ್ಣಿಗೂ ನಿಲುಕದು. ಈ ನಂಟನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಸಂದಿತು. ಇದರ 200ಕ್ಕೂ ಹೆಚ್ಚು ಬಗೆಗಳಲ್ಲಿ 16 ಮತ್ತು 18ನೆಯವೇ ಗರ್ಭಕಂಠ ಕ್ಯಾನ್ಸರಿನ ಸುಮಾರು ಶೇ. 70ಕ್ಕೆ ಕಾರಣ.

ಪತ್ತೆಯ ದಾರಿ ಮೂರು. ದುರ್ಬಲ ಅಸಿಟಿಕ್ ಆಮ್ಲವನ್ನು ಲೇಪಿಸಿ, ಗರ್ಭಕಂಠದಲ್ಲಿ ಬಿಳಿಕಲೆ ಮೂಡುವುದೇ ಎಂದು ನೋಡುವುದು ಮೊದಲನೆಯದು. ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸುವ ಪ್ಯಾಪ್ ಪರೀಕ್ಷೆ ಎರಡನೆಯದು. ಮೂರನೆಯದು ವೈರಾಣುವಿನ ಡಿಎನ್‌ಎ ಪರೀಕ್ಷೆ: ಮೃದುವಾದ ಕುಂಚದಿಂದ ತೆಗೆದ ಮಾದರಿಯಲ್ಲಿರುವ ಅತ್ಯಲ್ಪ ಡಿಎನ್‌ಎಯನ್ನು ಪಿಸಿಆರ್ ಯಂತ್ರವು ಕೋಟಿಪಟ್ಟು ವೃದ್ಧಿಸಿ, ಅಪಾಯಕಾರಿ ಬಗೆ ಇದೆಯೇ ಎಂದು ತಿಳಿಸುತ್ತದೆ. ಈ ಮಾದರಿಯನ್ನು ಮಹಿಳೆಯು ತಾನೇ ತೆಗೆದುಕೊಡಬಹುದು. ಸಂಕೋಚಪಡುವವರಿಗೆ ಇದೊಂದು ವರ. ರಕ್ತಪರೀಕ್ಷೆಯಿಂದ ಇದು ತಿಳಿಯದು.

ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ 1,31,746 ಗ್ರಾಮೀಣ ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಬಾರಿಯ ಎಚ್‌ಪಿವಿ ಪರೀಕ್ಷೆಯು ಈ ಕ್ಯಾನ್ಸರಿನ ಸಾವುಗಳನ್ನು ಸುಮಾರು ಅರ್ಧಕ್ಕಿಳಿಸಿತ್ತು. ಪಟ್ಟಣದ ಸೌಲಭ್ಯವಿಲ್ಲದ ನಮ್ಮ ಹಳ್ಳಿಗಳಿಗೂ ಇದು ಭರವಸೆಯ ಮಾತು.

ಪರೀಕ್ಷೆಯಲ್ಲಿ ವೈರಾಣು ಕಂಡುಬಂದರೆ ಕ್ಯಾನ್ಸರ್ ಬಂತೆಂದಲ್ಲ. ಹೆಚ್ಚಿನ ಸೋಂಕುಗಳು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಅಳಿಯುತ್ತವೆ. ಅಳಿಯದೆ ಉಳಿದದ್ದು ಕ್ಯಾನ್ಸರಾಗಲು ಸಾಮಾನ್ಯವಾಗಿ 15-20 ವರ್ಷಗಳು ಬೇಕು. ಆ ಅವಧಿಯೇ ನಮಗೆ ದೊರೆತ ಅವಕಾಶ. ಸೋಂಕು ಹಲವು ವರ್ಷ ಸುಪ್ತವಾಗಿರಬಲ್ಲದು; ಆದ್ದರಿಂದ ಪತಿ-ಪತ್ನಿಯರು ಒಬ್ಬರನ್ನೊಬ್ಬರು ಶಂಕಿಸುವುದು ಸಲ್ಲದು.

ಮೂವತ್ತು ದಾಟಿದ ತಾಯಂದಿರು ಲಕ್ಷಣಗಳಿಗಾಗಿ ಕಾಯದೆ ಪರೀಕ್ಷೆ ಮಾಡಿಸಿಕೊಳ್ಳಲಿ. ಹೆಣ್ಣುಮಕ್ಕಳಿಗೆ 9ರಿಂದ 14ರ ವಯಸ್ಸಿನಲ್ಲಿ ಲಸಿಕೆ ಹಾಕಿಸಲಿ. ಲಸಿಕೆ ಪಡೆದವರಿಗೂ ಮುಂದೆ ಪರೀಕ್ಷೆ ಅಗತ್ಯ. ಕಷಾಯವು ಪರೀಕ್ಷೆಗೆ ಬದಲಿಯಲ್ಲವೆಂಬುದನ್ನು ಆಯುರ್ವೇದ ವೈದ್ಯರಾದ ನಾವೇ ಹೇಳಬೇಕಾಗಿದೆ. ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲ, ಮನೆಯ ತಾಯಿ ಉಳಿಯಲಿ.