ಇನ್ವರ್ಟರನ್ನು ಕೊಳ್ಳುವ ಮುನ್ನ

ಇರುಳಿನಲ್ಲಿ ವಿದ್ಯುತ್ತು ನಿಂತರೆ ಅನೇಕ ಮನೆಗಳಲ್ಲಿ ಬೇಸರವಷ್ಟೆ. ನಮ್ಮ ಮನೆಯಲ್ಲಾದರೋ ಅಕ್ಕನವರ ಉಸಿರಾಟಕ್ಕೆ ನೆರವಾಗುವ ಆಕ್ಸಿಜನ್ ಯಂತ್ರವೂ ನಿಂತುಹೋಗುತ್ತಿದ್ದಿತು. ಆದಕಾರಣ ಅಂಗಡಿಯವರ ಮಾತನ್ನು ನಂಬಿ ಅಗ್ಗದ ಇನ್ವರ್ಟರೊಂದನ್ನು ತಂದೆವು. ಮೊದಲ ರಾತ್ರಿಯೇ ಫ್ಯಾನು ಗುಂಯ್‌ಗುಟ್ಟಿತು. ಆಕ್ಸಿಜನ್ ಯಂತ್ರವು ಎಚ್ಚರಿಕೆಯ ಕೂಗನ್ನಿಟ್ಟು ನಿಂತೇಹೋಯಿತು. ಮನೆಯಲ್ಲೊಂದು ಸಿಲಿಂಡರು ಇದ್ದುದರಿಂದ ಅಕ್ಕನವರು ಪಾರಾದರು. ಪರೀಕ್ಷೆ ಮುಗಿದ ಮೇಲೆ ಪುಸ್ತಕ ತೆರೆದ ಹುಡುಗನಂತೆ ನಾವು ಅನಂತರ ಈ ವಿಷಯವನ್ನು ಓದಿದೆವು.

ಬ್ಯಾಟರಿಯ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯತಕ್ಕದ್ದು. ಬೀದಿಯ ತಂತಿಯಿಂದ ಬರುವುದು ಪರ್ಯಾಯ ಪ್ರವಾಹ. ಉಡುಪಿಯ ಪರ್ಯಾಯವು ಎರಡು ವರ್ಷಕ್ಕೊಮ್ಮೆ. ಈ ಪರ್ಯಾಯವು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸಿ 50 ಆವರ್ತನಗಳನ್ನು ಮುಗಿಸುತ್ತದೆ. ಬ್ಯಾಟರಿಯ 12 ವೋಲ್ಟನ್ನು ಇಂತಹ 230 ವೋಲ್ಟಿನ ಪ್ರವಾಹವಾಗಿ ಮಾರ್ಪಡಿಸುವುದೇ ಇನ್ವರ್ಟರಿನ ಕೆಲಸ. ಅಗ್ಗದ ಯಂತ್ರವು ಥಟ್ಟನೆ ಏರಿ ಥಟ್ಟನೆ ಇಳಿಯುವ ಚೌಕದಲೆಯನ್ನು ಕೊಡುವುದು. ದೀಪಗಳು ಅದನ್ನು ಸಹಿಸಿಯಾವು. ಮೋಟಾರುಗಳು ಕಾದು ಗುನುಗುತ್ತವೆ. ನಯವಾಗಿ ಬಾಗುವ ಸೈನ್ ಅಲೆಯ ಯಂತ್ರಕ್ಕೆ ಬೆಲೆ ಹೆಚ್ಚು, ಆದರೆ ಅದು ಬೀದಿಯ ವಿದ್ಯುತ್ತಿಗೆ ಸಮಾನ. (ಸೈನ್ ಎಂಬುದು ನಮ್ಮ ಗಣಿತಜ್ಞರ ‘ಜ್ಯಾ’ ಶಬ್ದವೇ, ಅರಬ್ಬೀ ಲ್ಯಾಟಿನ್‌ಗಳನ್ನು ಸುತ್ತಿ ವೇಷ ಬದಲಿಸಿ ಬಂದದ್ದು.)

ಪೆಟ್ಟಿಗೆಯ ಮೇಲೆ ಬರೆದ ವಿ.ಎ. ಅಂಕೆಯನ್ನು ವ್ಯಾಟೆಂದು ತಿಳಿಯಲಾಗದು. ದೊರೆಯುವ ವ್ಯಾಟು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಮೋಟಾರು ಹೊರಡುವ ಕ್ಷಣದಲ್ಲಿ ಅನೇಕ ಪಾಲು ಹೆಚ್ಚು ಎಳೆಯುವುದನ್ನೂ ಗಣಿಸಬೇಕು.

“ರಾತ್ರಿಯೆಲ್ಲಾ ನಡೆಯುತ್ತದೆ ಸ್ವಾಮಿ” ಎಂದಿದ್ದರು ಅಂಗಡಿಯವರು. ಲೆಕ್ಕ ಹಾಕಿ ನೋಡಿದೆವು. 12 ವೋಲ್ಟು, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 1800 ವ್ಯಾಟ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚಾಗಿ ಪದೇ ಪದೇ ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದು. ಮಾರ್ಪಾಟಿನಲ್ಲಿಯೂ ಕೊಂಚ ನಷ್ಟವುಂಟು. ಅಕ್ಕನವರ ಯಂತ್ರಕ್ಕೆ ಬೇಕಾದುದು 350 ವ್ಯಾಟು. ಎಂದರೆ ಎರಡು ಗಂಟೆ, ಮೇಲೆ ಕೆಲವು ನಿಮಿಷ! ರಾತ್ರಿ ಎಷ್ಟು ಉದ್ದವೆಂಬುದು ರೋಗಿಯ ಪಕ್ಕದಲ್ಲಿ ಕುಳಿತವರಿಗೇ ಗೊತ್ತು.

ಈಗ ನಮ್ಮಲ್ಲಿರುವುದು ಎರಡು ಬ್ಯಾಟರಿಗಳ ಸೈನ್ ಅಲೆಯ ಯಂತ್ರ. ತುಂಬಿಕೊಳ್ಳುವಾಗ ಬ್ಯಾಟರಿಗಳಿಂದ ಹೊತ್ತಿಕೊಳ್ಳುವ ಜಲಜನಕವು ಹೊರಡುವುದರಿಂದ ಅವುಗಳನ್ನು ಗಾಳಿಯಾಡುವ ಹಿತ್ತಲ ಜಗಲಿಯಲ್ಲಿ, ದೇವರ ದೀಪಕ್ಕೆ ದೂರವಾಗಿ ಇರಿಸಿದ್ದೇವೆ. ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ, ಕಡಿಮೆಯಾಗಿದ್ದರೆ ಬಟ್ಟಿಯಿಳಿಸಿದ ನೀರನ್ನೇ ಹಾಕುತ್ತೇವೆ. ಸಿಲಿಂಡರನ್ನು ಮಾತ್ರ ಅಕ್ಕನವರ ಮಂಚದ ಬಳಿಯಿಂದ ಕದಲಿಸಿಲ್ಲ.