ಒಂದೇ ಪಾರ್ಶ್ವದಲ್ಲಿ ಎರಡು ಕಣ್ಣು

ಕಡಲ ಮೀನಿನ ವಿಚಾರ ನಮಗೇಕೆಂದು ವಾಚಕರು ಕೇಳಬಹುದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಿಗೆ ಕಡಲತೀರವಿಲ್ಲ. ನಮ್ಮ ಮನೆಗಳಲ್ಲಿ ಮೀನು ಆಹಾರವೂ ಅಲ್ಲ. ಆದರೆ ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಯು ದಾಂಡೇಲಿಯನ್ನು ಹಾಯ್ದು, ಸುಮಾರು 184 ಕಿಲೋಮೀಟರ್ ಹರಿದು, ಕಾರವಾರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮುಂಡಗೋಡದ ಧರ್ಮಾ ನದಿಯು ವರದೆಯನ್ನು ಕೂಡಿ ಪೂರ್ವದ ದಾರಿ ಹಿಡಿದರೂ ಆ ನೀರು ಕಡೆಗೆ ಮುಟ್ಟುವುದು ಕಡಲನ್ನೇ. ಇಷ್ಟಲಿಂಗದ ಅಗ್ಘವಣಿಗೆ ನಾವು ತುಂಬಿಕೊಳ್ಳುವ ನೀರಿನ ಕೊನೆಯ ಮನೆ ಕಡಲ ತಳವಾದ ಬಳಿಕ, ಆ ಮನೆಯ ನಿವಾಸಿಗಳನ್ನು ಅರಿಯುವುದು ಉಚಿತವೇ ಸರಿ.

ನಮ್ಮ ಕರಾವಳಿಯ ಕೆಸರು, ಮರಳಿನ ತಳದಲ್ಲಿ ‘ನಂಗು’ ಎಂಬ ಮೀನು ವಾಸಿಸುತ್ತದೆ. ಕೊಂಕಣಿಯಲ್ಲಿ ಇದಕ್ಕೆ ‘ಲೇಪೊ’ ಎಂದು ಹೆಸರು. ಗೇಣಿಗಿಂತ ಕಿರಿದಾದ, ನಾಲಿಗೆಯಂತೆ ಚಪ್ಪಟೆಯಾದ ದೇಹ. ಮೇಲಿನ ಮೈ ಕಂದು, ನೆಲಕ್ಕೆ ತಾಗುವ ಮೈ ಬಿಳುಪು. ಎದೆಯ ರೆಕ್ಕೆಗಳಿಲ್ಲ. ಬೆನ್ನಿನ, ಹೊಟ್ಟೆಯ ರೆಕ್ಕೆಗಳು ಬಾಲದೊಡನೆ ಒಂದಾಗಿ ಸೀರೆಯ ಅಂಚಿನಂತೆ ಮೈಯನ್ನು ಸುತ್ತಿವೆ. ಎರಡು ಕಣ್ಣುಗಳೂ ಎಡಪಾರ್ಶ್ವದಲ್ಲಿಯೇ ಇವೆ.

ಹುಟ್ಟುವಾಗ ಇದು ಹೀಗಿರುವುದಿಲ್ಲ. ಮರಿಯು ಉಳಿದ ಮೀನುಗಳಂತೆ ನೆಟ್ಟಗೆ ಈಜುತ್ತದೆ. ಎಡಬಲಕ್ಕೆ ಒಂದೊಂದು ಕಣ್ಣು. ಬೆಳೆಯುತ್ತ ಬಲಗಣ್ಣು ಮೆಲ್ಲನೆ ಎಡಕ್ಕೆ ಸರಿಯುತ್ತದೆ; ಮೀನು ಬಲಮಗ್ಗುಲಾಗಿ ತಳವನ್ನು ಸೇರುತ್ತದೆ. ಬಳಿಕ ಕೆಸರಿನಲ್ಲಿ ಮೈ ಹುದುಗಿಸಿ, ಹುಳುಗಳನ್ನೂ ಸಣ್ಣ ಜೀವಿಗಳನ್ನೂ ತಿಂದು ಬದುಕುತ್ತದೆ.

ಕಣ್ಣು ಅರ್ಧದಾರಿ ಸರಿದರೆ ಪ್ರಯೋಜನವೇನೆಂದು 1871ರಲ್ಲಿ ಮಿವಾರ್ಟ್ ಎಂಬ ಇಂಗ್ಲಿಷ್ ವಿದ್ವಾಂಸರು ಡಾರ್ವಿನ್ನರ ವಿಕಾಸವಾದವನ್ನು ಪ್ರಶ್ನಿಸಿದ್ದರು. 2008ರಲ್ಲಿ ಮ್ಯಾಟ್ ಫ್ರೀಡ್‌ಮನ್ ಎಂಬ ಸಂಶೋಧಕರು, ಕಣ್ಣು ಹಾಗೆ ಅರ್ಧದಾರಿಯಲ್ಲೇ ನಿಂತಿದ್ದ ಮೀನುಗಳನ್ನು ಸುಮಾರು 5 ಕೋಟಿ ವರ್ಷಗಳ ಹಿಂದಿನ ಪಳೆಯುಳಿಕೆಗಳಲ್ಲಿ ತೋರಿಸಿದರು. ನೂರಾರು ವರ್ಷಗಳಲ್ಲ, ಕೋಟಿಗಳ ಅವಧಿಯಲ್ಲಿ ರೂಪುಗೊಂಡ ಬಾಳು ಇದು.

ಅಪಾಯ ಬಂದಾಗ ಓಡದೆ, ಅಲುಗದೆ ಅಡಗುವುದು ನಂಗಿನ ರಕ್ಷಣೆ. ಆದರೆ ತಳವನ್ನೇ ಗೋರುವ ಟ್ರಾಲ್ ಬಲೆಯ ಮುಂದೆ ಈ ಉಪಾಯ ನಡೆಯದು; ತಳಕ್ಕೆ ಇಳಿದು ಕೂಡುವ ಮಲಿನದ ಮುಂದೆಯೂ ನಡೆಯದು. ಬಲೆ ನಮ್ಮದಲ್ಲವೆಂದು ನಾವು ಸಮಾಧಾನಪಡಬಹುದು. ಮಲಿನದ ವಿಷಯದಲ್ಲಿ ಆ ಸಮಾಧಾನವಿಲ್ಲ. ಜಾತ್ರೆಯ ಮರುದಿನ ಹೊಳೆಯ ದಂಡೆಯಲ್ಲಿ ಉಳಿಯುವ ಚೀಲಗಳು, ಚೀಲಸಹಿತ ನೀರಿಗೆ ಬಿಡುವ ಪೂಜೆಯ ಹೂಗಳು ಯಾರವು? ನಡುವಿನ ಅಣೆಕಟ್ಟುಗಳು ಕೆಲವನ್ನು ತಡೆದಾವು. ನೀರಿನಲ್ಲಿ ಕರಗಿದ್ದನ್ನು ತಡೆಯಲಾರವು.

ಮೀನನ್ನು ತಿನ್ನದಿದ್ದ ಮಾತ್ರಕ್ಕೆ ನಮ್ಮ ದಯೆ ಪೂರ್ಣವಾಗದು. ಕಾಣದ ಜೀವಿಗೂ ಅದು ಸಲ್ಲಬೇಕು. ಪೂಜೆ ಮುಗಿದ ಪತ್ರೆಪುಷ್ಪಗಳನ್ನು ಇನ್ನು ಹಿತ್ತಿಲ ಗಿಡದ ಬುಡಕ್ಕೆ ಹಾಕೋಣ. ಗಿಡಕ್ಕೆ ಗೊಬ್ಬರವಾದೀತು; ಹೊಳೆಯು ಹೊಳೆಯಾಗಿಯೇ ಕಡಲನ್ನು ಸೇರೀತು.