ಕೆಸರಿನಲ್ಲಿ ಗಾಲಿ: ಮಳವಳ್ಳಿಯ ಗದ್ದೆಯಿಂದ ಎಂಟು ಗಾಲಿಯ ಉಭಯಚರ ವಾಹನದವರೆಗೆ

ಮಳವಳ್ಳಿ ತಾಲ್ಲೂಕಿನ ನಾಲಾ ಬಯಲಿನಲ್ಲಿ ನಾಟಿಯ ಕಾಲಕ್ಕೆ ಸಂಚರಿಸಿದವರಿಗೆ ಒಂದು ನೋಟವು ಪರಿಚಿತವಾದದ್ದೇ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಗದ್ದೆಗಳೆಲ್ಲ ನೆನೆದಿರುತ್ತವೆ. ಒಂದು ಗದ್ದೆಯಲ್ಲಿ, ರೈತರು ಕೇಜ್‌ವೀಲ್ ಎಂದು ಕರೆಯುವ ಕಬ್ಬಿಣದ ಪಂಜರಗಾಲಿಯನ್ನು ತೊಟ್ಟ ಟ್ರ್ಯಾಕ್ಟರು ನಿರಾತಂಕವಾಗಿ ಸುತ್ತು ಹಾಕುತ್ತಿರುತ್ತದೆ. ಅದರಾಚೆಯ ತಗ್ಗಿನ ಗದ್ದೆಯಲ್ಲಿ ಅಷ್ಟೇ ಬಲದ, ಅಂಥದೇ ಗಾಲಿಯ ಮತ್ತೊಂದು ಟ್ರ್ಯಾಕ್ಟರು ಅಚ್ಚಿನವರೆಗೆ ಹೂತುಹೋಗಿ, ಅದನ್ನು ಎಳೆಯಲು ಮೂರನೆಯದೊಂದನ್ನು ಕರೆಸಬೇಕಾಗಿ ಬರುತ್ತದೆ. ಯಂತ್ರ ಒಂದೇ, ಗಾಲಿ ಒಂದೇ, ನೀರೂ ಒಂದೇ ನಾಲೆಯದು. ಆದರೆ ಫಲವು ಮಾತ್ರ ಬೇರೆ. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸುತ್ತ ಹೋದರೆ, ಕೆಸರಿಗಾಗಿ ವಾಹನವನ್ನು ಕೊಳ್ಳುವವರೂ ಇರುವ ವಾಹನವನ್ನು ಮಾರ್ಪಡಿಸುವವರೂ ಮೊದಲು ಇತ್ಯರ್ಥಮಾಡಿಕೊಳ್ಳಬೇಕಾದ ಒಂದು ಪ್ರಶ್ನೆಯ ಬಳಿಗೆ ನಾವು ಬಂದು ನಿಲ್ಲುತ್ತೇವೆ. ವಾಹನವು ಕೆಸರನ್ನು ಭೇದಿಸಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟಬೇಕೇ, ಅಥವಾ ಕೆಸರಿನ ಮೇಲೆಯೇ ತೇಲಿದಂತೆ ಸಾಗಬೇಕೇ? ಇವೆರಡೂ ಬೇರೆ ಬೇರೆ ಮಾರ್ಗಗಳು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಅಹಿತ.

ಮೊದಲನೆಯ ಮಾರ್ಗವು ನಮ್ಮ ಎತ್ತುಗಳದು. ಎತ್ತಿನ ಗೊರಸು ಕಿರಿದು. ಮೈಭಾರವೆಲ್ಲ ಆ ಕಿರಿದಾದ ಸ್ಥಳದ ಮೇಲೆ ಬೀಳುವುದರಿಂದ ಅದು ಕೆಸರಿನಲ್ಲಿ ನೇರವಾಗಿ ಇಳಿದು ಅಡಿಯ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. ಪಂಜರಗಾಲಿಯೂ ಮಾಡುವುದು ಇದನ್ನೇ. ಅದರ ಅಡ್ಡಪಟ್ಟಿಗಳು ಕೆಸರನ್ನು ಕತ್ತರಿಸಿ ಒಳಹೊಕ್ಕು, ತಳದ ಪದರವನ್ನು ಕಚ್ಚಿಕೊಂಡು ಯಂತ್ರವನ್ನು ಮುಂದಕ್ಕೆ ತಳ್ಳುತ್ತವೆ. ಪಟ್ಟಿಗಳ ನಡುವಣ ತೆರಪಿನಿಂದ ಮಣ್ಣು ಜಾರಿಹೋಗುವುದರಿಂದ, ರಬ್ಬರು ಗಾಲಿಯ ಪಡಿಯಚ್ಚುಗಳಂತೆ ಅವು ಕೆಸರು ಮೆತ್ತಿಕೊಂಡು ನುಣುಪಾಗುವುದಿಲ್ಲ. ಆದ್ದರಿಂದ ಕೆಳಗೆ ಗಟ್ಟಿಯಾದ ಪದರವೊಂದು ಇದ್ದೇ ಇರಬೇಕೆಂಬುದು ಈ ಮಾರ್ಗದ ಮೊದಲ ನಿಬಂಧನೆ. ವರ್ಷವರ್ಷವೂ ಕೆಸರು ಮಾಡಿ ಬತ್ತ ಬೆಳೆದ ಗದ್ದೆಯಲ್ಲಿ ಸುಮಾರು ೧೫ರಿಂದ ೨೦ ಸೆಂಟಿಮೀಟರು ಆಳದಲ್ಲಿ ಅಂಥ ಪದರವು ತಾನಾಗಿ ಕಟ್ಟಿಕೊಂಡಿರುತ್ತದೆ. ನೇಗಿಲ ತಳ, ಗೊರಸು, ಗಾಲಿ ಇವುಗಳ ಒತ್ತಡದಿಂದಲೂ, ಕದಡಿದ ಮಣ್ಣಿನ ನವಿರಾದ ಕಣಗಳು ಕೆಳಗಿಳಿದು ಸಂದುಗಳನ್ನು ತುಂಬುವುದರಿಂದಲೂ ಅದು ಉಂಟಾಗುತ್ತದೆ. ಗದ್ದೆಯಲ್ಲಿ ನೀರು ನಿಲ್ಲುವುದೇ ಅದರ ದೆಸೆಯಿಂದ. ಯಂತ್ರಕ್ಕೆ ಅದು ನೆಲ. ಬೆಳೆಗೆ ಅದು ನೀರಿನ ತಳಗಟ್ಟು.

ಎರಡನೆಯ ಮಾರ್ಗವು ಹರಿಗೋಲಿನದು. ವಾಹನಗಳಲ್ಲಿ ಆರು ಅಥವಾ ಎಂಟು ಗಾಲಿಯ ಉಭಯಚರ ವಾಹನದ್ದು. ಇಂಥ ಚಿಕ್ಕ ವಾಹನಗಳು ೧೯೬೦ರ ದಶಕದಲ್ಲಿ ಕೆನಡಾ, ಅಮೆರಿಕಾ ದೇಶಗಳಲ್ಲಿ ತಯಾರಾಗತೊಡಗಿದವು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ತಯಾರಾಗುವ ಆರ್ಗೊ ಇವುಗಳಲ್ಲಿ ಪ್ರಸಿದ್ಧವಾದದ್ದು. ಜೌಗುನೆಲ, ಹಿಮ, ಕೆರೆಕುಂಟೆಗಳು ತುಂಬಿದ ಆ ಸೀಮೆಯಲ್ಲಿ ಬೇಟೆಗಾರರಿಗೂ ಅರಣ್ಯದ ಕೆಲಸಗಾರರಿಗೂ ಅವು ಬೇಕಾಗಿದ್ದವು. ಅದಕ್ಕೂ ಹಿಂದೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಸೈನ್ಯವು ಡಕ್ ಎಂಬ ಆರು ಗಾಲಿಯ ಉಭಯಚರ ಲಾರಿಯನ್ನು ೧೯೪೨ರಿಂದ ಮುಂದಕ್ಕೆ ೨೧,೦೦೦ಕ್ಕೂ ಮೇಲ್ಪಟ್ಟು ತಯಾರಿಸಿತು. ಚಾಲಕನು ಕುಳಿತಲ್ಲಿಂದಲೇ, ವಾಹನವು ಓಡುತ್ತಿರುವಾಗಲೇ, ಗಾಲಿಗಳ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಏರ್ಪಾಟು ಅದರಲ್ಲಿತ್ತು. ಮರಳಿಗೆ ಬಂದಾಗ ಗಾಳಿ ಇಳಿಸುವುದು, ರಸ್ತೆಗೆ ಬಂದಾಗ ಏರಿಸುವುದು. ನಮ್ಮ ವಿಷಯದ ತಿರುಳೆಲ್ಲ ಈ ಒಂದು ಏರ್ಪಾಟಿನಲ್ಲಿ ಅಡಗಿದೆಯೆಂದರೂ ಸಲ್ಲುತ್ತದೆ.

ಅದು ಹೇಗೆಂದರೆ: ಮೆತ್ತನೆಯ ಗಾಲಿಯು ನೆಲದ ಮೇಲೆ ಹೇರುವ ಒತ್ತಡವು ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮನಾಗಿರುತ್ತದೆ. ಭಾರ ಹೆಚ್ಚಿದರೆ ಗಾಲಿಯು ಚಪ್ಪಟೆಯಾಗಿ ಹೆಚ್ಚು ನೆಲವನ್ನು ಆವರಿಸುತ್ತದೆಯೇ ಹೊರತು ಒತ್ತಡವು ಅಷ್ಟಾಗಿ ಏರುವುದಿಲ್ಲ. ಸಾಮಾನ್ಯ ಕಾರಿನ ಗಾಲಿಯಲ್ಲಿ ಈ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು ೨ ಕಿಲೋಗ್ರಾಂ. ಹೊಲದಲ್ಲಿ ದುಡಿಯುವ ಟ್ರ್ಯಾಕ್ಟರಿನ ಹಿಂಗಾಲಿಯಲ್ಲಿ ಸುಮಾರು ೧. ಉಭಯಚರ ವಾಹನದ ದಪ್ಪ ಗಾಲಿಯಲ್ಲಿ ಕಾಲು ಕಿಲೋಗ್ರಾಮಿನ ಆಸುಪಾಸು. ಆಳುಗಳೂ ಸೇರಿ ೮೦೦ ಕಿಲೋಗ್ರಾಂ ತೂಗುವ ಎಂಟು ಗಾಲಿಯ ವಾಹನವೊಂದನ್ನು ಇಟ್ಟುಕೊಳ್ಳೋಣ. ಗಾಲಿಯೊಂದಕ್ಕೆ ೧೦೦ ಕಿಲೋಗ್ರಾಂ. ಕಾಲು ಕಿಲೋಗ್ರಾಮಿನ ಲೆಕ್ಕದಲ್ಲಿ ಪ್ರತಿ ಗಾಲಿಯೂ ೪೦೦ ಚದರ ಸೆಂಟಿಮೀಟರು, ಎಂದರೆ ೨೦ ಸೆಂಟಿಮೀಟರು ಉದ್ದಗಲದ ಒಂದು ಚೌಕವನ್ನು ಆವರಿಸಿದರೆ ಸಾಕು. ಅಗಲವಾದ ಗಾಲಿಗೆ ಇದೇನೂ ಅಸಾಧ್ಯವಲ್ಲ. ಅದೇ ವಾಹನವು ನಾಲ್ಕೇ ಗಾಲಿಗಳ ಮೇಲೆ ನಿಂತರೆ ಪ್ರತಿ ಗಾಲಿಯೂ ೮೦೦ ಚದರ ಸೆಂಟಿಮೀಟರು ಆವರಿಸಬೇಕಾಗುತ್ತದೆ. ಚಿಕ್ಕ ಗಾಲಿಯು ಅಷ್ಟು ಚಪ್ಪಟೆಯಾದರೆ ಅದರ ಉಕ್ಕಿನ ಬಳೆಯೇ ನೆಲಕ್ಕೆ ತಗಲುವ ಸಂಭವವುಂಟು.

ಗಾಲಿಗಳು ಹೆಚ್ಚಿದುದರಿಂದ ಬೇರೊಂದು ಲಾಭವೂ ಇದೆ. ಗದ್ದೆಯ ಬದುವನ್ನು ನಾಲ್ಕು ಗಾಲಿಯ ವಾಹನವು ದಾಟುವಾಗ ಮುಂಗಾಲಿ ಹಿಂಗಾಲಿಗಳ ನಡುವಣ ಹೊಟ್ಟೆಯು ಬದುವಿಗೆ ತಗಲಿ ವಾಹನವು ಅಲ್ಲಿಯೇ ಕುಳಿತುಬಿಡಬಹುದು. ಒತ್ತೊತ್ತಾಗಿ ನಿಂತ ಗಾಲಿಗಳ ಸಾಲು ಹೊಟ್ಟೆಯ ಕೆಳಗೆ ಎಲ್ಲಿಯೂ ಅಂಥ ತೆರಪನ್ನು ಬಿಡುವುದಿಲ್ಲ. ಆದರೆ ಈ ಗಾಲಿಗಳು ಕಾರಿನ ಮುಂಗಾಲಿಗಳಂತೆ ಪಕ್ಕಕ್ಕೆ ತಿರುಗತಕ್ಕವಲ್ಲ. ಒಂದು ಪಕ್ಕದ ಗಾಲಿಗಳೆಲ್ಲವೂ ಸರಪಳಿಗಳಿಂದ ಒಂದಕ್ಕೊಂದು ಕೂಡಿರುತ್ತವೆ. ಎಡಪಕ್ಕಕ್ಕೆ ತಡೆ ಹಾಕಿದರೆ ಬಲಪಕ್ಕವು ಮುಂದೆ ಸಾಗಿ ವಾಹನವು ಎಡಕ್ಕೆ ಹೊರಳುತ್ತದೆ. ಹೊರಳುವಾಗ ಮೊದಲ ಮತ್ತು ಕಡೆಯ ಗಾಲಿಗಳು ನೆಲವನ್ನು ಅಡ್ಡಲಾಗಿ ಉಜ್ಜಲೇಬೇಕು. ಕೆಸರಿನಲ್ಲಿ ಇದು ಸುಲಭ. ಗಟ್ಟಿ ರಸ್ತೆಯಲ್ಲಿ ಗಾಲಿಯೂ ಸರಪಳಿಯೂ ಸವೆಯುತ್ತವೆ. ಅದನ್ನು ತಪ್ಪಿಸಲು ಗಟ್ಟಿ ನೆಲದಲ್ಲಿ ಓಡಿಸುವ ಮುನ್ನ ನಡುವಣ ಗಾಲಿಗಳಿಗೆ ತುಸು ಹೆಚ್ಚು ಗಾಳಿ ತುಂಬುವ ರೂಢಿಯು ಈ ವಾಹನಗಳ ಒಡೆಯರಲ್ಲಿ ಉಂಟು. ಖರ್ಚಿಲ್ಲದ ಮಾರ್ಪಾಟು, ನಮ್ಮ ದೃಷ್ಟಿಯಲ್ಲಿ, ಅಂಗಡಿಯಲ್ಲಿ ಕೊಳ್ಳುವ ಎಷ್ಟೋ ಸಲಕರಣೆಗಳಿಗಿಂತ ಇದು ಮೇಲು.

ಇನ್ನು ನೀರಿನ ಮೇಲಣ ಲೆಕ್ಕ. ಇಂಥ ವಾಹನದ ಮೈಯೆಂದರೆ ನೀರು ಸೋರದ ಒಂದು ತೊಟ್ಟಿ. ಅದರ ತಳವು ಎರಡೂವರೆ ಮೀಟರು ಉದ್ದ, ೧.೨ ಮೀಟರು ಅಗಲವಿದ್ದರೆ ವಿಸ್ತೀರ್ಣವು ೩ ಚದರ ಮೀಟರು. ಒಂದು ಸೆಂಟಿಮೀಟರು ಮುಳುಗಿದರೆ ೩೦ ಲೀಟರು ನೀರು ಪಕ್ಕಕ್ಕೆ ಸರಿಯುತ್ತದೆ, ೩೦ ಕಿಲೋಗ್ರಾಂ ಭಾರವನ್ನು ನೀರು ಹೊರುತ್ತದೆ. ಎರಡು ಮೀಟರು ವ್ಯಾಸದ ಹರಿಗೋಲಿನ ತಳವೂ ಸರಿಸುಮಾರು ಇಷ್ಟೇ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕಮಾಡಿ ನೋಡಬಹುದು. ಗಾಳಿ ತುಂಬಿದ ಗಾಲಿಗಳೂ ತೇಲುತ್ತವೆ; ಪ್ರತಿಯೊಂದೂ ೩೦ ಕಿಲೋಗ್ರಾಂ ಹೊತ್ತಿತೆಂದರೆ ಎಂಟರಿಂದ ೨೪೦ ಆಯಿತು. ಉಳಿದ ೫೬೦ ಕಿಲೋಗ್ರಾಮಿಗಾಗಿ ತೊಟ್ಟಿಯು ೧೯ ಸೆಂಟಿಮೀಟರಿನಷ್ಟು ಮುಳುಗಬೇಕು.

ಮಾರ್ಪಾಟುಗಳು ಅನರ್ಥವಾಗುವುದು ಇಲ್ಲಿಂದಲೇ. ಒಡೆಯನು ಮೊದಲು ಒಂದು ಚಾವಣಿಯನ್ನು ಕಟ್ಟುತ್ತಾನೆ. ಹೂತಾಗ ಎಳೆದುಕೊಳ್ಳಲು ತಂತಿಹಗ್ಗದ ರಾಟೆಯನ್ನು ಕೂರಿಸುತ್ತಾನೆ. ಇನ್ನೊಂದು ಬ್ಯಾಟರಿ, ಗಾಲಿಗಳ ಸುತ್ತ ರಬ್ಬರಿನ ಪಟ್ಟಾಸರಪಳಿ. ಒಂದೊಂದೂ ಬೇಕಾದದ್ದೇ ಎಂದು ತೋರುತ್ತದೆ. ಎಲ್ಲವೂ ಸೇರಿ ೧೫೦ ಕಿಲೋಗ್ರಾಂ ಆದರೆ ತೊಟ್ಟಿಯು ಇನ್ನೂ ೫ ಸೆಂಟಿಮೀಟರು ಇಳಿಯಿತು. ಅದೂ ಸಮನಾಗಿ ಇಳಿಯುವುದಿಲ್ಲ. ರಾಟೆಯಿರುವ ಮೂತಿ ಮೊದಲು ತಗ್ಗುತ್ತದೆ, ಚಾವಣಿಯಿಂದ ಗುರುತ್ವಕೇಂದ್ರವು ಮೇಲೇರುತ್ತದೆ. ನೆಲದಲ್ಲಿ ಗಮನಕ್ಕೇ ಬಾರದ ಈ ವ್ಯತ್ಯಾಸವು ನೀರಿನಲ್ಲಿ, ಒಬ್ಬನು ಅಂಚಿಗೆ ಬಾಗಿದ ಗಳಿಗೆಯಲ್ಲಿ, ತಿಳಿದುಬರುತ್ತದೆ. ಪಟ್ಟಾಸರಪಳಿಯು ಕೆಸರಿನಲ್ಲಿ ಒತ್ತಡವನ್ನು ತಗ್ಗಿಸುವುದೇನೋ ನಿಜ. ಆದರೆ ನೀರಿನಲ್ಲಿ ಅದರ ಭಾರವನ್ನು ಹೊತ್ತೇ ತೇಲಬೇಕು.

ನದಿಯ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಈ ಚಿಕ್ಕ ವಾಹನಗಳಿಗೆ ನೀರಿನಲ್ಲಿ ತಿರುಗುವ ಗಾಲಿಗಳೇ ಹುಟ್ಟು. ಅವುಗಳ ವೇಗವು ಗಂಟೆಗೆ ೪–೫ ಕಿಲೋಮೀಟರು, ಅಂದರೆ ಸೆಕೆಂಡಿಗೆ ಸುಮಾರು ೧.೨ ಮೀಟರು ಮಾತ್ರ. ತುಂಬಿದ ಕಾವೇರಿಯ ಸೆಳವು ಇದನ್ನು ಸುಲಭವಾಗಿ ಮೀರುತ್ತದೆ. ಮಾರೇಹಳ್ಳಿಯ ಕೆರೆಯಂಥ ನಿಂತ ನೀರಿನಲ್ಲಿ ಸಾಧುವಾದ ವಾಹನವು, ಮುತ್ತತ್ತಿಯ ಬಳಿ ಬಂಡೆ ಸುಳಿಗಳ ನಡುವೆ ಹೊಳೆಗಿಳಿದರೆ ನಿಯಂತ್ರಣವಿಲ್ಲದ ತೊಟ್ಟಿಯಷ್ಟೇ. ಹರಿಗೋಲಿನ ಅಂಬಿಗನಿಗಾದರೂ ಹೊಳೆಯ ಪರಿಚಯವಿರುತ್ತದೆ. ಡಕ್ ಲಾರಿಗೆ ನೀರಿಗೆಂದೇ ಪ್ರತ್ಯೇಕವಾದ ತಿರುಪುಹುಟ್ಟು ಇತ್ತು. ನಮ್ಮ ದೇಶದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯೂ ಟಾಟಾ ಸಂಸ್ಥೆಯೂ ಕೂಡಿ ರೂಪಿಸಿ ೨೦೧೪ರಲ್ಲಿ ದೆಹಲಿಯಲ್ಲಿ ಪ್ರದರ್ಶಿಸಿದ ಎಂಟು ಗಾಲಿಯ ಕವಚವಾಹನವೂ ನೀರನ್ನು ರಭಸದಿಂದ ಹಿಂದಕ್ಕೆ ಚಿಮ್ಮಿ ಮುಂದೆ ಸಾಗತಕ್ಕದ್ದು.

ಒಡೆತನದ ನಿತ್ಯದ ಕಷ್ಟಗಳು ಇಷ್ಟು ಗಂಭೀರವಲ್ಲವಾದರೂ ಬಿಡಿಸಿಕೊಳ್ಳಲಾಗದವು. ನೀರಿಗಿಳಿದ ಪ್ರತಿಸಲವೂ ಅಚ್ಚಿನ ಬೇರಿಂಗುಗಳಿಗೆ ನೀರು ಸೇರುವ ಭಯವಿರುತ್ತದೆ. ದಡಕ್ಕೆ ಬಂದೊಡನೆ ಹೊಸ ಗ್ರೀಸನ್ನು ಒತ್ತಿ ಹಳೆಯದನ್ನು ಹೊರಡಿಸಬೇಕು. ತೊಟ್ಟಿಯ ತಳದ ಬಿರಡೆಯನ್ನು ತೆಗೆದು ನೀರು ಬಸಿಯಬೇಕು. ಮತ್ತೆ ನೀರಿಗಿಳಿಯುವ ಮುನ್ನ ಅದನ್ನು ಹಾಕಲು ಮರೆಯಬಾರದು.

ಕಾನೂನಿನ ತೊಡಕೂ ಒಂದುಂಟು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿಯ ಪ್ರಕಾರ, ತಯಾರಕನು ನಿರ್ದಿಷ್ಟಪಡಿಸಿದ ವಿವರಗಳಿಗೂ ನೋಂದಣಿ ಪತ್ರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಲು ಒಡೆಯನಿಗೆ ಅಧಿಕಾರವಿಲ್ಲ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಹಳೆಯ ಜೀಪಿಗೆ ಇನ್ನೊಂದು ಅಚ್ಚನ್ನು ಸೇರಿಸಿ ಆರು ಗಾಲಿಯದನ್ನಾಗಿ ಮಾಡಿ ರಸ್ತೆಗೆ ತರಬಹುದೆಂದು ಎಣಿಸುವ ಯುವಕರು ಇದನ್ನು ಅರಿತಿರುವುದು ಒಳ್ಳೆಯದು.

ಇಷ್ಟನ್ನು ತಿಳಿದ ಮೇಲೆ ಮಳವಳ್ಳಿಯ ಗದ್ದೆಗೆ ಮರಳೋಣ. ಇಲ್ಲಿ ಉಭಯಚರ ವಾಹನವು ಉಳುಮೆಗೆ ಬಾರದು. ಕೆಸರಿನ ಮೇಲೆ ತೇಲುವ ಹಗುರ ವಾಹನಕ್ಕೆ ನೇಗಿಲನ್ನೆಳೆಯಲು ಬೇಕಾದ ಹಿಡಿತವೇ ಇರುವುದಿಲ್ಲ. ಗದ್ದೆಗೆ ಬೇಕಾದದ್ದು ತಳವನ್ನು ಮುಟ್ಟುವ ಗಾಲಿ. ಆದರೆ ಒಣಹೊಲದ ಅಭ್ಯಾಸವನ್ನು ಗದ್ದೆಗೂ ತಂದು, ಹಿಡಿತ ಹೆಚ್ಚಲೆಂದು ಭಾರವನ್ನು ಹೆಚ್ಚಿಸುವುದರಲ್ಲಿ ತೊಡಕಿದೆ. ಹಿಂಗಾಲಿಯ ಟ್ಯೂಬಿಗೆ ನೀರು ತುಂಬಿಸುವುದು, ಕಬ್ಬಿಣದ ತೂಕಗಳನ್ನು ಬಿಗಿಯುವುದು, ಇವು ಒಣನೆಲದಲ್ಲಿ ಟ್ರೈಲರನ್ನೋ ನೇಗಿಲನ್ನೋ ಎಳೆಯುವಾಗ ಸರಿಯಾದ ಕ್ರಮಗಳು. ಸುಮಾರು ೨,೦೦೦ ಕಿಲೋಗ್ರಾಂ ತೂಗುವ ಟ್ರ್ಯಾಕ್ಟರು ಆ ಭಾರವನ್ನೂ ಹೊತ್ತು ಕೆಸರಿಗಿಳಿದರೆ, ಪಂಜರಗಾಲಿಯ ಪಟ್ಟಿಗಳು ತಳದ ಪದರವನ್ನು ಕಚ್ಚುವುದರ ಬದಲು ಒಡೆಯುತ್ತವೆ. ಒಡೆದ ಕಡೆ ಕೆಸರು ಇನ್ನಷ್ಟು ಆಳವಾಗುತ್ತದೆ. ಮುಂದಿನ ವರ್ಷ ಅದೇ ಟ್ರ್ಯಾಕ್ಟರು ಅಲ್ಲಿ ಇನ್ನೂ ಕೆಳಗಿಳಿಯುತ್ತದೆ. ಆಗ ಇನ್ನೂ ಹೆಚ್ಚು ಬಲದ, ಇನ್ನೂ ಹೆಚ್ಚು ಭಾರದ ಯಂತ್ರ ಬೇಕೆನಿಸುತ್ತದೆ. ನೀರು ಇಂಗುವುದೂ ಹೆಚ್ಚುತ್ತದೆ. ಪ್ರಾರಂಭದಲ್ಲಿ ಹೇಳಿದ ತಗ್ಗಿನ ಗದ್ದೆಯ ಟ್ರ್ಯಾಕ್ಟರು ಹೂತುದಕ್ಕೆ ಇದು ಒಂದು ಕಾರಣ. ನೀರು ಎಂದೂ ಪೂರ್ತಿ ಬಸಿದುಹೋಗದ ತಗ್ಗಿನಲ್ಲಿ ಪದರವು ಒಣಗಿ ಗಟ್ಟಿಯಾಗದಿರುವುದು ಇನ್ನೊಂದು. ಇಂಥ ಗದ್ದೆಗಳಿಗೆ ಪವರ್ ಟಿಲ್ಲರಿನಂಥ ಹಗುರವಾದ ಯಂತ್ರವೇ ಯೋಗ್ಯವೆಂಬುದು ನಮ್ಮ ಅಭಿಪ್ರಾಯ. ಬೆಂಗಳೂರಿನಲ್ಲಿ ೧೯೬೭ರಲ್ಲಿ ಜಪಾನಿನ ಮಿತ್ಸುಬಿಷಿ ಸಂಸ್ಥೆಯ ಸಹಯೋಗದಿಂದ ಸ್ಥಾಪಿತವಾದ ವಿ.ಎಸ್.ಟಿ. ಕಾರ್ಖಾನೆಯ ಯಂತ್ರಗಳು ಈ ಸೀಮೆಗೆ ಹೊಸವಲ್ಲ. ಟ್ರ್ಯಾಕ್ಟರಿನ ಕಾಲುಭಾಗದಷ್ಟೂ ತೂಗದ ಅವು ಪದರವನ್ನು ಕೆಡಿಸದೆ ಕೆಲಸ ಮುಗಿಸಬಲ್ಲವು. ಕೆಲಸ ನಿಧಾನವೆಂಬ ದೂರಿದೆ. ಬಾಡಿಗೆಗೆ ತಂದ ಟ್ರ್ಯಾಕ್ಟರು ಗಂಟೆಗಟ್ಟಲೆ ಹೂತು ನಿಂತ ಕಾಲವನ್ನೂ ಲೆಕ್ಕಕ್ಕೆ ಹಿಡಿದರೆ ಆ ದೂರು ಅಷ್ಟು ನಿಲ್ಲಲಾರದು. ಪಂಜರಗಾಲಿಯಲ್ಲಿಯೇ ಡಾಂಬರು ರಸ್ತೆಯ ಮೇಲೆ ಓಡಿಸಿ ರಸ್ತೆಯನ್ನು ಸೀಳುವುದಂತೂ ಯಾವ ಲೆಕ್ಕದಲ್ಲಿಯೂ ಒಪ್ಪತಕ್ಕದ್ದಲ್ಲ.

ಯಾವ ಗದ್ದೆಗೆ ಯಾವ ಯಂತ್ರವೆಂಬುದನ್ನು ಮೊದಲೇ ತಿಳಿಯಲು ದುಬಾರಿಯಾದ ಉಪಕರಣವೇನೂ ಬೇಡ. ಹೆಬ್ಬೆರಳಿನ ಗಾತ್ರದ, ಒಂದು ಮೀಟರು ಉದ್ದದ, ಮೊಂಡು ತುದಿಯ ಕಬ್ಬಿಣದ ಸಲಾಕೆಯೊಂದಿದ್ದರೆ ಸಾಕು. ನೀರು ಕಟ್ಟಿದ ಗದ್ದೆಯಲ್ಲಿ ಹತ್ತು ಹೆಜ್ಜೆಗೊಂದರಂತೆ ಅದನ್ನು ಒಂದೇ ಬಲದಿಂದ ಒತ್ತಿ, ಎಷ್ಟು ಆಳಕ್ಕೆ ತಡೆ ಸಿಕ್ಕಿತೆಂಬುದನ್ನು ಬರೆದುಕೊಳ್ಳುತ್ತ ಹೋಗಬೇಕು. ಒಂದು ಗೇಣಿನೊಳಗೆ ಎಲ್ಲೆಡೆಯೂ ತಡೆ ಸಿಕ್ಕಿದರೆ ಟ್ರ್ಯಾಕ್ಟರು ಇಳಿಯಬಹುದು. ಮೊಣಕಾಲುದ್ದ ಹೋದರೂ ತಡೆ ಸಿಕ್ಕದ ಸ್ಥಳಗಳನ್ನು ಕಡ್ಡಿ ನೆಟ್ಟು ಗುರುತಿಸಿ, ಅಲ್ಲಿಗೆ ಟಿಲ್ಲರನ್ನು, ಅದೂ ಆಗದಿದ್ದರೆ ಎತ್ತನ್ನು ಇಳಿಸತಕ್ಕದ್ದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಾಲೇಜುಗಳಲ್ಲಿ ಭೌತಶಾಸ್ತ್ರವನ್ನು ಬೋಧಿಸುವವರು ನಾಲೆಗೆ ನೀರು ಬಿಟ್ಟ ಮೇಲೆ, ನಾಟಿಗೆ ಮುಂಚೆ ಸಿಕ್ಕುವ ಕೆಲವು ದಿನಗಳಲ್ಲಿ, ವಿದ್ಯಾರ್ಥಿಗಳಿಂದ ಹತ್ತಿರದ ನಾಲ್ಕಾರು ಗದ್ದೆಗಳಲ್ಲಿ ಈ ಅಳತೆಯನ್ನು ಮಾಡಿಸಿದರೆ, ಆ ನಕ್ಷೆಯನ್ನು ಆಯಾ ಗದ್ದೆಯ ರೈತನಿಗೇ ಕೊಡಬಹುದು.